ಏಳು ಕ್ರಾಸ್, ಹತ್ತು ನಿಮಿಷ

ಬೆಳಿಗ್ಗೆ ಆರೂವರೆ. ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ ಹೂವಿನಾಕೆ ಒದ್ದೆ ಗೋಣಿತಾಟು ಬಿಡಿಸಿ ಸೇವಂತಿಗೆಯ ರಾಶಿ ಸುರಿದಿದ್ದಾಳೆ. ಬೋಣಿ ಆಗುವ ತನಕ ಕೈ ಸುಮ್ಮನಿರುವಂತಿಲ್ಲ. ದಾರದ ಒಂದು ತುದಿ ಕಾಲ್ಬೆರಳಿಗೆ, ಇನ್ನೊಂದು ಕೈಯಲ್ಲಿ. ಕನಕಾಂಬರ ಎರಡೆರಡಾಗಿ ಗಂಟು ಬೀಳುತ್ತಿದೆ. ಬೆಳಗಿನ ವಾಕಿಂಗ್ ಮುಗಿಸಿದ ನಿವೃತ್ತ ಮೇಷ್ಟ್ರೊಬ್ಬರು ಹಾಲಿನ ಪ್ಯಾಕೆಟ್ ಹಿಡಿದು ಮುಂದೆ ನಿಲ್ಲುತ್ತಾರೆ.

“ಎರಡು ಮೊಳ ಕೊಡಮ್ಮ.”

“ಮೂರು ತಗೊಳ್ಳಿ ಸಾರ್. ಕಮ್ಮಿ ಆಯ್ತು ಅಂತ ಅಮ್ಮಾವ್ರು ಮತ್ತೆ ಇಲ್ಲಿಗೇ ಓಡಿಸ್ತಾರೆ.”

ಓಡಿಸಿದರೂ ಅಡ್ಡಿಯಿಲ್ಲ, ಮನೆ ನಾಲ್ಕು ಕ್ರಾಸಿನಾಚೆ. ಹೂವು, ಹಾಲು, ಒಂದು ಕಟ್ಟು ಕೊತ್ತಂಬರಿ, ಆಗತಾನೆ ಬೀಸಿದ ಕಾಫಿಪುಡಿ, ದಾರಿಯಲ್ಲಿ ಸಿಕ್ಕವರೊಡನೆ ಎರಡು ಮಾತು. ಇಷ್ಟೆಲ್ಲ ಮುಗಿಸಿಕೊಂಡು ಅವರು ಮನೆ ಮುಟ್ಟುವ ಹೊತ್ತಿಗೆ, ನಗರದ ಹೊರವಲಯದ ಬಹುಮಹಡಿ ಅಪಾರ್ಟ್‌ಮೆಂಟಿನಲ್ಲಿ ಅವರ ಮಗ ಲಿಫ್ಟಿನಿಂದಿಳಿದು ನೆಲಮಾಳಿಗೆಯಲ್ಲಿ ಕಾರು ಹುಡುಕುತ್ತಿರುತ್ತಾನೆ. ಅವನಿಗೂ ಕೊತ್ತಂಬರಿಯೇ ಬೇಕು.

ಒಂದೇ ಊರಿನ ಎರಡು ಬಡಾವಣೆಗಳ ನಡುವೆ ಇಷ್ಟು ಅಂತರ ಹೇಗೆ ಬಂತು? “ಹಳೇ ಬೆಂಗಳೂರು ಹಾಗೇ ಇತ್ತು ಬಿಡಿ” ಎಂದು ನಿಟ್ಟುಸಿರುಬಿಟ್ಟರೆ ಉತ್ತರ ಸಿಗುವುದಿಲ್ಲ. ಮಲ್ಲೇಶ್ವರದಲ್ಲಿ ನಡೆದಾಡಲು ಆಗುತ್ತಿರುವುದು ಹಳೆಯದಾಗಿರುವುದರಿಂದಲ್ಲ. ಅದನ್ನು ಹಾಗೆ ಅಳೆದು ಮಾಡಿದ್ದಾರೆ. ಕನ್ನಡದಲ್ಲಿ ‘ಕೂಗಳತೆ’ ಎಂಬ ಮಾತಿದೆ, ಕೂಗಿದರೆ ಕೇಳಿಸುವಷ್ಟು ದೂರ. ಮಲ್ಲೇಶ್ವರವನ್ನು ‘ಕಾಲಳತೆ’ಯ ಬಡಾವಣೆ ಎನ್ನಬಹುದು.

ಪ್ಲೇಗಿಗೆ ಮುಂಚೆಯೇ ಎಳೆದ ಗೆರೆ

ಬಡಾವಣೆಗಿಂತ ಗುಡಿ ಹಳೆಯದು. ಕಾಡು ಮಲ್ಲೇಶ್ವರನ ಸನ್ನಿಧಿಗೆ 1669ರ ಶಾಸನದ ಆಧಾರವಿದೆ. ಶಿವಾಜಿಯ ಮಲಸಹೋದರ ಏಕೋಜಿ ಈ ದೇವರಿಗೆ ಮೇದರನಿಂಗನಹಳ್ಳಿಯನ್ನು ದತ್ತಿ ಬಿಟ್ಟ ಸಂಗತಿ ಅದರಲ್ಲಿದೆ. ಆಗ ಬೆಂಗಳೂರೆಂದರೆ ಕೋಟೆ ಮತ್ತು ಪೇಟೆ; ಈ ಗುಡ್ಡ ಅದರಿಂದ ದೂರದಲ್ಲಿದ್ದ ಕಾಡು. ದೇವರ ಹೆಸರಿನ ಹಿಂದೆ ಆ ಕಾಡು ಇಂದಿಗೂ ಉಳಿದಿದೆ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪೇಟೆ ತುಂಬಿ ತುಳುಕುತ್ತಿತ್ತು. ಚಿಕ್ಕಪೇಟೆ, ಬಳೇಪೇಟೆ, ಅಕ್ಕಿಪೇಟೆಗಳ ಓಣಿಗಳಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳು, ಗಾಳಿ ಬೆಳಕಿಗೆ ಎಡೆಯಿಲ್ಲ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಸರ್ಕಾರ ಪೇಟೆಯ ಹೊರಗೆ ಹೊಸ ಬಡಾವಣೆಗಳಿಗೆ ಕೈಹಾಕಿತು. ಚಾಮರಾಜಪೇಟೆಯ ಜೊತೆಜೊತೆಗೇ ದಕ್ಷಿಣಕ್ಕೆ ಬಸವನಗುಡಿ, ಉತ್ತರಕ್ಕೆ ಮಲ್ಲೇಶ್ವರ ರೂಪುಗೊಂಡವು. ಮಲ್ಲೇಶ್ವರ ಪ್ಲೇಗಿನಿಂದ ಹುಟ್ಟಿತು ಎಂದು ಹೇಳುವುದುಂಟು. ನಕ್ಷೆ ಅದಕ್ಕೂ ಮೊದಲಿನದು, 1890ರ ದಶಕದ ಆರಂಭದ್ದು. ಆದರೆ ನಿವೇಶನ ಸಿಕ್ಕಿದರೂ ಹೋಗಿ ನೆಲೆಸಲು ಜನಕ್ಕೆ ಮನಸ್ಸಿರಲಿಲ್ಲ. ಆ ಮನಸ್ಸು ಮಾಡಿಸಿದ್ದು ಪ್ಲೇಗು.

1898ರ ಆಗಸ್ಟ್‌ನಲ್ಲಿ ರೋಗ ರೈಲು ಹತ್ತಿಕೊಂಡು ಬೆಂಗಳೂರಿಗೆ ಬಂತು. ಪೇಟೆಯಲ್ಲಿ ಇಲಿ ಸತ್ತುಬಿದ್ದ ಮನೆ ಬಿಟ್ಟು ಜನ ಬಯಲಿನ ಗುಡಿಸಲುಗಳಿಗೆ ಓಡಿದರು. ಊರ ಸುತ್ತ ಪ್ಲೇಗಿನ ಮಾರಮ್ಮನ ಗುಡಿಗಳೆದ್ದವು. ಆಗ ಅಗಲ ರಸ್ತೆಯ, ಮನೆಯ ನಾಲ್ಕೂ ಕಡೆ ಗಾಳಿಯಾಡುವ ಬಡಾವಣೆ ದೂರದ ಕಾಡಾಗಿ ಕಾಣಲಿಲ್ಲ, ಜೀವ ಉಳಿಸುವ ತಾಣವಾಗಿ ಕಂಡಿತು.

ಅಲ್ಲಿ ನೆಲೆಸಿದವರು ಯಾರು? ಗುಮಾಸ್ತರು, ಮೇಷ್ಟರು, ವಕೀಲರು, ಸರ್ಕಾರಿ ನೌಕರರು. ಇವರಲ್ಲಿ ಜಟಕಾಗಾಡಿ ಇಟ್ಟುಕೊಳ್ಳುವ ಅನುಕೂಲ ಇದ್ದವರು ಕೆಲವರೇ. ಮೋಟಾರು ಕಾರು ಇನ್ನೂ ಊರಿಗೇ ಬಂದಿರಲಿಲ್ಲ. ನಕ್ಷೆ ಬರೆದವರ ಕಣ್ಣ ಮುಂದೆ ಇದ್ದದ್ದು ನಡೆಯುವ ಮನುಷ್ಯ ಮಾತ್ರ. ಬೇರೆ ದಾರಿಯೇ ಇಲ್ಲದ ಕಾರಣ ಅವರು ಸರಿಯಾದ ಕೆಲಸ ಮಾಡಿದರು.

ಕ್ರಾಸ್ ಎಂಬ ಗಡಿಯಾರ

ಮಲ್ಲೇಶ್ವರದ ವಿಳಾಸ ಓದುವುದು ಸುಲಭ. ದಕ್ಷಿಣದ ತುದಿಯಿಂದ ಉತ್ತರಕ್ಕೆ ಉದ್ದುದ್ದ ಹೋಗುವ ರಸ್ತೆಗಳು ಒಂದಕ್ಕೊಂದು ಸಮಾನಾಂತರವಾಗಿವೆ: ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆ, ಆಮೇಲೆ ಮೇನುಗಳು. ಮಾರ್ಗೋಸಾ ಅಂದರೆ ಬೇವು. ಎರಡು ದೊಡ್ಡ ರಸ್ತೆಗಳಿಗೆ ಎರಡು ಮರಗಳ ಹೆಸರು. ಇವನ್ನು ಅಡ್ಡಡ್ಡ ಕತ್ತರಿಸುವವೇ ಕ್ರಾಸುಗಳು. ಒಂದನೇ ಕ್ರಾಸಿನಿಂದ ಹದಿನೆಂಟರ ತನಕ, ಅದರಾಚೆಗೂ, ಸಂಖ್ಯೆ ತಪ್ಪದೆ ಏರುತ್ತ ಹೋಗುತ್ತವೆ.

ಸಂಪಿಗೆ ರಸ್ತೆಯ ದಕ್ಷಿಣ ತುದಿಯಿಂದ ಹದಿನೆಂಟನೇ ಕ್ರಾಸಿಗೆ ಸುಮಾರು ಎರಡು ಕಿಲೋಮೀಟರು. ಅಂದರೆ ಒಂದು ಕ್ರಾಸಿಗೂ ಇನ್ನೊಂದಕ್ಕೂ ನಡುವೆ ಸರಾಸರಿ ನೂರಹತ್ತು ಮೀಟರು. ಸಾಮಾನ್ಯ ನಡಿಗೆಯಲ್ಲಿ ಗಂಟೆಗೆ ಐದು ಕಿಲೋಮೀಟರು ಎಂದುಕೊಂಡರೆ, ಒಂದು ಕ್ರಾಸ್ ದಾಟಲು ಒಂದೂವರೆ ನಿಮಿಷವೂ ಬೇಡ. ಹೀಗಾಗಿ ಇಲ್ಲಿ ಕ್ರಾಸ್ ದೂರದ ಅಳತೆಯೂ ಹೌದು, ಹೊತ್ತಿನ ಅಳತೆಯೂ ಹೌದು. ಎಂಟನೇ ಕ್ರಾಸಿನ ಸಂತೆಯಿಂದ ಹದಿನೈದನೇ ಕ್ರಾಸಿನ ಗುಡಿಗೆ ಏಳು ಕ್ರಾಸು, ಹತ್ತು ನಿಮಿಷ. ಫೋನು ತೆಗೆದು ನಕ್ಷೆ ನೋಡಬೇಕಾಗಿಲ್ಲ.

ಈ ನೂರಹತ್ತು ಮೀಟರಿನ ಮಹಿಮೆ ಸಣ್ಣದಲ್ಲ. ಅಷ್ಟಷ್ಟು ದೂರಕ್ಕೇ ತಿರುವು ಸಿಗುವುದರಿಂದ ಒಂದು ಜಾಗಕ್ಕೆ ಹೋಗಲು ಹತ್ತಾರು ದಾರಿಗಳಿವೆ. ಬಿಸಿಲಿದ್ದರೆ ಮರವಿರುವ ಬದಿ, ರಸ್ತೆ ಅಗೆದಿದ್ದರೆ ಮುಂದಿನ ಕ್ರಾಸು, ಸಾಲ ಕೊಟ್ಟವರು ಎದುರು ಬಂದರೆ ಪಕ್ಕದ ಓಣಿ! ದಾರಿಗಳು ಹೆಚ್ಚಿದಷ್ಟೂ ಮೂಲೆಗಳು ಹೆಚ್ಚು. ಮೂಲೆ ಇದ್ದಲ್ಲಿ ಅಂಗಡಿ ಹುಟ್ಟುತ್ತದೆ. ಅಂಗಡಿ ಇದ್ದಲ್ಲಿ ಬೆಳಕು, ನಾಲ್ಕು ಜನ, ನಾಲ್ಕು ಕಣ್ಣು. ಜೇನ್ ಜೇಕಬ್ಸ್ ಎಂಬ ಅಮೆರಿಕದ ಲೇಖಕಿ ನ್ಯೂಯಾರ್ಕಿನ ಬೀದಿಗಳನ್ನು ನೋಡಿ, ಜೀವಂತ ಬಡಾವಣೆಗೆ ರಸ್ತೆಗಳು ಬೇಗಬೇಗ ತಿರುಗುವಂತಿರಬೇಕು, ಒಂದೇ ಬೀದಿಯಲ್ಲಿ ಹಲವು ಬಗೆಯ ಕೆಲಸ ನಡೆಯಬೇಕು ಎಂದು 1961ರಲ್ಲಿ ವಾದಿಸಿದರು. ಅವರ ಪುಸ್ತಕ ಬರುವ ಹೊತ್ತಿಗೆ ಮಲ್ಲೇಶ್ವರದ ಜನ ಅಂಥ ಬೀದಿಗಳಲ್ಲಿ ಎರಡು ಮೂರು ತಲೆಮಾರು ಓಡಾಡಿ ಮುಗಿಸಿದ್ದರು.

ಇದನ್ನು ಇಂದಿನ ಹೊಸ ಬಡಾವಣೆಯೊಂದಿಗೆ ಹೋಲಿಸಿ. ಎತ್ತರದ ಗೋಡೆ, ಒಂದೇ ಗೇಟು, ಕಾವಲುಗಾರ. ಗೋಡೆಯ ಆ ಬದಿಯಲ್ಲೇ ಕಾಣುವ ಅಂಗಡಿಗೆ ಹೋಗಲು ಗೇಟಿನ ತನಕ ನಡೆದು, ಗೋಡೆ ಸುತ್ತಿ ಬರಬೇಕು. ಕಾಗೆಗೆ ನೂರು ಮೀಟರಾದದ್ದು ಮನುಷ್ಯನಿಗೆ ಒಂದು ಕಿಲೋಮೀಟರು. ಆಗ ಸ್ಕೂಟರಿನ ಕೀಲಿಕೈಗೆ ಕೈಹೋಗುವುದು ಸೋಮಾರಿತನದಿಂದಲ್ಲ, ಆ ಗೋಡೆಯಿಂದ.

ಮನೆಯ ಪಕ್ಕ ಅಂಗಡಿ, ಅಂಗಡಿಯ ಪಕ್ಕ ಗುಡಿ

ಗೆರೆ ಸರಿಯಿದ್ದರೆ ಸಾಲದು, ನಡೆದು ಹೋಗುವುದಕ್ಕೆ ಕೆಲಸವೂ ಇರಬೇಕು. ಮಲ್ಲೇಶ್ವರದ ಎರಡನೆಯ ಗುಟ್ಟು ಇದು. ಮನೆ, ಶಾಲೆ, ಮಾರುಕಟ್ಟೆ, ದೇವಸ್ಥಾನ, ಛತ್ರ, ಸಭಾಂಗಣ, ಹೋಟೆಲು, ಬ್ಯಾಂಕು ಎಲ್ಲ ಒಂದರ ಮಗ್ಗುಲಲ್ಲಿ ಒಂದು. ಎಂಟನೇ ಕ್ರಾಸಿನಲ್ಲಿ ಸೀರೆ, ಪಾತ್ರೆ, ಬಳೆ. ಹದಿನೈದರಲ್ಲಿ ಕಾಲೇಜು, ದೇವಸ್ಥಾನ. ಹದಿನೆಂಟರಲ್ಲಿ ಬಸ್ ನಿಲ್ದಾಣ, ಆಟದ ಮೈದಾನ. ಅದರಾಚೆ ಸ್ಯಾಂಕಿ ಕೆರೆ. ಸೇನಾ ಎಂಜಿನಿಯರ್ ರಿಚರ್ಡ್ ಸ್ಯಾಂಕಿ ಅದನ್ನು ಕಟ್ಟಿಸಿದ್ದು 1882ರಲ್ಲಿ, ದಂಡು ಪ್ರದೇಶದ ನೀರಿಗಾಗಿ. ಇಂದು ಅದು ನಡೆಯುವವರ ಕೆರೆ.

ಹತ್ತಿರದಲ್ಲಿರುವುದರ ಫಲ ಏನೆಂದು ತಿಳಿಯಲು ಕೆನರಾ ಯೂನಿಯನ್ ಸಭಾಂಗಣದ ಕಥೆ ಸಾಕು. ಮದುವೆ ನಡೆಯುವ ಆ ಹಾಲ್‌ನಲ್ಲಿ, ಮದುವೆ ಇಲ್ಲದ ದಿನ ನೆಟ್ ಕಟ್ಟಿ ಬ್ಯಾಡ್ಮಿಂಟನ್ ಆಡುತ್ತಿದ್ದರು. ಅಲ್ಲಿ ರ‍್ಯಾಕೆಟ್ ಹಿಡಿದ ಹುಡುಗ ಪ್ರಕಾಶ್ ಪಡುಕೋಣೆ 1980ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿ ಗೆದ್ದರು. ಅಂಕಣಕ್ಕಾಗಿ ಊರಾಚೆಗೆ ದಿನವೂ ಕರೆದೊಯ್ಯಬೇಕಾಗಿದ್ದರೆ ಆ ಹುಡುಗನ ಆಟ ಎಷ್ಟು ದಿನ ನಡೆಯುತ್ತಿತ್ತು? ಮಕ್ಕಳು ದೊಡ್ಡವರ ನೆರವಿಲ್ಲದೆ ತಾವೇ ಹೋಗಿ ಬರಬಹುದಾದ ದೂರದಲ್ಲಿ ಏನೇನಿದೆ ಎಂಬುದು ಅವರು ಮುಂದೆ ಏನಾಗುತ್ತಾರೆ ಎಂಬುದನ್ನೂ ಅಷ್ಟಿಷ್ಟು ನಿರ್ಧರಿಸುತ್ತದೆ.

ಸಿ.ವಿ. ರಾಮನ್ ಅವರ ‘ಪಂಚವಟಿ’ ಮನೆ ಇರುವುದೂ ಇಲ್ಲೇ. 1909ರಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಸಂಸ್ಥೆ ಈ ಬಡಾವಣೆಯ ಉತ್ತರಕ್ಕೆ ಬಂದು ಕೂತಿತು. ವಿಜ್ಞಾನಿಗಳೂ ಸಂಗೀತ ವಿದ್ವಾಂಸರೂ ಬೆಂಡೆಕಾಯಿ ಮುರಿದು ನೋಡಿ ಕೊಳ್ಳುವವರೂ ಒಂದೇ ಬೀದಿಯಲ್ಲಿ ಎದುರಾಗುತ್ತಿದ್ದರು. ಕಾರಿನಲ್ಲಿ ಹೋಗುವವರು ಒಬ್ಬರಿಗೊಬ್ಬರು ಎದುರಾಗುವುದಿಲ್ಲ, ಅಡ್ಡ ಬರುತ್ತಾರೆ.

ಮನೆಗಳ ಬೆನ್ನಿನ ಓಣಿ

ಹೊಗಳಿಕೆ ಇಲ್ಲಿಗೆ ಸಾಕು. ಕಾಲಳತೆಯ ಈ ಬಡಾವಣೆ ಯಾರ ಕಾಲಿಗೆ ಅಳೆದದ್ದು ಎಂಬ ಪ್ರಶ್ನೆ ಉಳಿದಿದೆ.

ಮೊದಲ ನಕ್ಷೆಯಲ್ಲಿ ನಿವೇಶನಗಳನ್ನು ಜಾತಿವಾರು ಬ್ಲಾಕುಗಳಾಗಿ ಹಂಚಿದ್ದರು. ಇಂಥವರು ಇಲ್ಲಿ, ಅಂಥವರು ಅಲ್ಲಿ ಎಂಬುದು ಪೇಟೆಯ ಪದ್ಧತಿ. ಕಾಗದದ ಮೇಲೆ ಹೊಸದಾಗಿ ಹುಟ್ಟಿದ ಬಡಾವಣೆಯೂ ಅದನ್ನು ಹೊತ್ತುಕೊಂಡೇ ಬಂತು.

ಇನ್ನೊಂದು ಗುರುತು ಇಂದಿಗೂ ಕಣ್ಣಿಗೆ ಬೀಳುತ್ತದೆ. ಹಳೆಯ ಮನೆಗಳ ಸಾಲಿನ ಹಿಂದೆ, ಎರಡು ಹಿತ್ತಲುಗಳ ನಡುವೆ ಕಿರಿದಾದ ಓಣಿಯಿದೆ. ಸ್ಥಳೀಯರು ಅದನ್ನು ಕನ್ಸರ್ವೆನ್ಸಿ ಎನ್ನುತ್ತಾರೆ. ಒಳಚರಂಡಿ ಇಲ್ಲದ ಕಾಲದಲ್ಲಿ ಕಕ್ಕಸು ಹಿತ್ತಲಿನಲ್ಲಿರುತ್ತಿತ್ತು. ಅದನ್ನು ಬರಿಗೈಯಲ್ಲಿ ಬಳಿದು ತಲೆಯ ಮೇಲೆ ಹೊತ್ತೊಯ್ಯುವವರು ಈ ಓಣಿಯಿಂದ ಬಂದು ಇಲ್ಲಿಂದಲೇ ಹೋಗಬೇಕಿತ್ತು. ಮುಂದಿನ ಬೀದಿಯಲ್ಲಿ ಸಂಪಿಗೆ ಮರದ ನೆರಳು, ಮನೆಯ ಬೆನ್ನಿಗೆ ಈ ಓಣಿ. ಎರಡೂ ಒಂದೇ ನಕ್ಷೆಯ ಎರಡು ಗೆರೆಗಳು. ಒಬ್ಬರು ಸುಖವಾಗಿ ನಡೆಯಲೆಂದು ಮಾಡಿದ ರಸ್ತೆಯ ಜೊತೆಗೇ, ಇನ್ನೊಬ್ಬರು ಅಲ್ಲಿ ಕಾಣಿಸಿಕೊಳ್ಳಬಾರದೆಂದು ಮಾಡಿದ ದಾರಿಯೂ ಇತ್ತು.

ಒಳಚರಂಡಿ ಬಂದ ಮೇಲೆ ಓಣಿಯ ಕೆಲಸ ಮುಗಿಯಿತು. ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲಿ ಮಲ ಹೊರುವ ಪದ್ಧತಿಗೆ ಕರ್ನಾಟಕದಲ್ಲಿ ತಡೆಹಾಕಿದರು. ಇಡೀ ದೇಶಕ್ಕೆ ಕಾನೂನು ಬಂದದ್ದು 1993ರಲ್ಲಿ, ಅದು ಬಿಗಿಯಾದದ್ದು 2013ರಲ್ಲಿ. ಈಗ ಈ ಓಣಿಗಳಲ್ಲಿ ಕೆಲವನ್ನು ಪಕ್ಕದವರು ಒತ್ತರಿಸಿದ್ದಾರೆ, ಕೆಲವು ಕಸದ ಗುಂಡಿಗಳಾಗಿವೆ, ಕೆಲವು ಸ್ಕೂಟರುಗಳ ತಂಗುದಾಣ. ಗೋಡೆಗೆ ಬಣ್ಣ ಬಳಿದು, ದೀಪ ಹಾಕಿ, ವಾಹನವಿಲ್ಲದ ಕಾಲುದಾರಿಯಾಗಿ ಇವನ್ನು ತೆರೆಯಬೇಕೆಂಬ ಮಾತು ಆಗಾಗ ಏಳುತ್ತದೆ. ತೆರೆಯಲಿ. ಶಾಲೆಗೆ ಹೋಗುವ ಮಗುವಿಗೆ ಅದಕ್ಕಿಂತ ನೆಮ್ಮದಿಯ ದಾರಿ ಸಿಗದು. ಆದರೆ ಬಣ್ಣದ ಚಿತ್ರಗಳ ನಡುವೆ ಎಲ್ಲಾದರೂ ಒಂದು ಕಡೆ, ಈ ಓಣಿಯಲ್ಲಿ ಮೊದಲು ನಡೆದವರು ಯಾರು ಎಂದು ಎರಡು ಸಾಲು ಬರೆದಿಡಬೇಕು.

ಅಲ್ಲಾಡುವ ಚಪ್ಪಡಿ

ಗೆರೆ ಚೆನ್ನಾಗಿದೆ, ಅಂಗಡಿ ಹತ್ತಿರವಿದೆ. ಆದರೂ ಎಂಬತ್ತರ ಅಜ್ಜಿಯೊಬ್ಬರು ಮನೆಯಿಂದ ಹೊರಟು ಎರಡು ಕ್ರಾಸಿನಾಚೆಯ ಔಷಧಿ ಅಂಗಡಿಗೆ ಹೋಗುವುದನ್ನು ಹಿಂದಿನಿಂದ ನೋಡಿ.

ನಮ್ಮ ಫುಟ್‌ಪಾತ್ ಹೆಚ್ಚಿನ ಕಡೆ ಬೇರೇನೂ ಅಲ್ಲ, ಮಳೆನೀರಿನ ಚರಂಡಿಯ ಮುಚ್ಚಳ. ಸಾಲಾಗಿ ಹಾಸಿದ ಕಲ್ಲಿನ ಚಪ್ಪಡಿಗಳಲ್ಲಿ ಒಂದನ್ನು ಕೇಬಲ್ ಎಳೆಯುವವರು ಎತ್ತಿರುತ್ತಾರೆ, ಸರಿಯಾಗಿ ಕೂರಿಸಿರುವುದಿಲ್ಲ. ಅಜ್ಜಿಯ ಕಾಲಿಗೆ ಆ ಕಲ್ಲಿನ ಪರಿಚಯವಿದೆ. ಊರುಗೋಲಿನಿಂದ ಒಮ್ಮೆ ತಟ್ಟಿ, ‘ಟಕ್’ ಎಂದರೆ ಹೆಜ್ಜೆಯಿಡುತ್ತಾರೆ, ‘ಗಡಕ್’ ಎಂದರೆ ರಸ್ತೆಗೆ ಇಳಿಯುತ್ತಾರೆ. ಮುಂದೆ ಒಬ್ಬರ ಗೇಟು. ಕಾರು ಒಳಗೆ ಹೋಗಲೆಂದು ಅವರು ಫುಟ್‌ಪಾತನ್ನೇ ಇಳಿಜಾರು ಮಾಡಿಕೊಂಡಿದ್ದಾರೆ. ಅದನ್ನು ದಾಟಿದರೆ ಟ್ರಾನ್ಸ್‌ಫಾರ್ಮರ್. ಅದರಾಚೆ ನಿಂತ ಬೈಕುಗಳು. ಹತ್ತು, ಇಳಿ, ಮತ್ತೆ ಹತ್ತು. ಎರಡನೇ ಕ್ರಾಸಿನ ಹೊತ್ತಿಗೆ ಅಜ್ಜಿ ಫುಟ್‌ಪಾತಿನ ಆಸೆ ಬಿಟ್ಟು ರಸ್ತೆಯ ಅಂಚಿಗೇ ಶರಣಾಗುತ್ತಾರೆ. ಹಿಂದಿನಿಂದ ಬಂದ ಆಟೊ ಹಾರ್ನ್ ಹೊಡೆಯುತ್ತದೆ.

ಹೇಗಿರಬೇಕೆಂಬುದಕ್ಕೆ ನಿಯಮವಿಲ್ಲವೆಂದಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯ ಪ್ರಕಾರ ವಸತಿ ಬೀದಿಯಲ್ಲೂ 1.8 ಮೀಟರ್ ಅಗಲ ಅಡೆತಡೆಯಿಲ್ಲದೆ ಬಿಟ್ಟಿರಬೇಕು, ಅಂದರೆ ಎದುರುಬದುರು ಬರುವ ಎರಡು ಗಾಲಿಕುರ್ಚಿಗಳು ದಾಟಿಹೋಗುವಷ್ಟು. ಅಂಗಡಿ ಬೀದಿಯಲ್ಲಿ ಇನ್ನೂ ಹೆಚ್ಚು. ಅಂಚಿನ ಎತ್ತರ 15 ಸೆಂಟಿಮೀಟರ್ ಮೀರಬಾರದು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ನಡೆಯಲು ಯೋಗ್ಯವಾದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೆಂದೇ ಹೇಳಿತು.

ಹಾಗೆ ಹೇಳಲು ಕಾರಣವಿದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 32,825 ಮಂದಿ ಪಾದಚಾರಿಗಳು, ಐದರಲ್ಲಿ ಒಬ್ಬರು.

ಬೆಂಗಳೂರಿನ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿದೆ. ಮಲ್ಲೇಶ್ವರದ ಹಳೆಯ ಮನೆಗಳಿಗೆ ಕಾರು ನಿಲ್ಲಿಸುವ ಜಾಗವೇ ಇರಲಿಲ್ಲ. ಕಾರು ಬಂದಾಗ ಅದು ಬೀದಿಯಲ್ಲಿ ನಿಂತಿತು, ಎರಡನೆಯದೂ ಅದರ ಹಿಂದೆಯೇ ನಿಂತಿತು. ಜೊತೆಗೆ ಯಶವಂತಪುರದ ಕಡೆಗೆ ಹೋಗುವ ಊರಿನ ಅನೇಕ ವಾಹನಗಳಿಗೆ ಈ ಬಡಾವಣೆಯೇ ದಾರಿ. ಅವುಗಳಲ್ಲಿ ಹೋಗುವವರಿಗೆ ಮಲ್ಲೇಶ್ವರ ಒಂದು ಊರಲ್ಲ, ದಾಟಬೇಕಾದ ಸಿಗ್ನಲ್‌ಗಳ ಸಾಲು.

ಹೀಗಾದಾಗ ರಸ್ತೆ ಅಗಲ ಮಾಡೋಣ ಎಂಬ ಮಾತು ಬರುತ್ತದೆ. 2011ರಲ್ಲಿ ಸ್ಯಾಂಕಿ ರಸ್ತೆಯ ಅಗಲೀಕರಣಕ್ಕೆ ಮರ ಕಡಿಯಲು ಹೊರಟಾಗ ಸುತ್ತಲಿನವರು ಬೀದಿಗಿಳಿದರು. 2023ರಲ್ಲಿ ಕೆರೆಯ ಪಕ್ಕ ಮೇಲ್ಸೇತುವೆಯ ಪ್ರಸ್ತಾಪ ಬಂದಾಗ ಮತ್ತೆ ನಡಿಗೆಯನ್ನೇ ಪ್ರತಿಭಟನೆಯಾಗಿ ಮಾಡಿಕೊಂಡರು. ಮರ ಉಳಿದರೆ ನೆರಳು, ನೆರಳು ಉಳಿದರೆ ಏಪ್ರಿಲ್ ಮಧ್ಯಾಹ್ನವೂ ನಡಿಗೆ ಎಂಬುದು ಅವರಿಗೆ ಪುಸ್ತಕದಿಂದ ತಿಳಿಯಬೇಕಾದ ವಿಷಯವಾಗಿರಲಿಲ್ಲ.

ಇರುವವರ ಲೆಕ್ಕ, ಬರುವವರ ಲೆಕ್ಕ

ಎಲ್ಲವೂ ಹತ್ತಿರವಿರುವ ಜಾಗ ಎಲ್ಲರಿಗೂ ಬೇಕು. ಆದ್ದರಿಂದಲೇ ಅದು ಎಲ್ಲರಿಗೂ ಸಿಗುವುದಿಲ್ಲ. ಮಲ್ಲೇಶ್ವರದಲ್ಲಿ ಮನೆಗಿಂತ ಮನೆ ಕೂತ ನೆಲವೇ ದುಬಾರಿ. ಅಜ್ಜ ಕಟ್ಟಿಸಿದ ಹೆಂಚಿನ ಮನೆ, ಮುಂದೆ ಮರದ ಜಾಲರಿಯ ಜಗಲಿ, ಮೂಲೆಯಲ್ಲೊಂದು ಪಾರಿಜಾತ. ಮಕ್ಕಳು ನಾಲ್ವರು, ಇಬ್ಬರು ಸಮುದ್ರದಾಚೆ. ಪಾಲಾಗಬೇಕಾದಾಗ ಜಗಲಿಯನ್ನು ನಾಲ್ಕು ಮಾಡಲಾಗದು, ನೆಲವನ್ನು ಮಾಡಬಹುದು. ಮನೆ ಬೀಳುತ್ತದೆ, ನಾಲ್ಕು ಮಹಡಿ ಏಳುತ್ತದೆ, ನೆಲಮಟ್ಟದಲ್ಲಿ ಕಾರುಗಳು ಸೇರುತ್ತವೆ. ಬೀದಿಯ ಮಟ್ಟದಲ್ಲಿ ಕಿಟಕಿ ಇದ್ದ ಕಡೆ ಈಗ ಕಬ್ಬಿಣದ ಗೇಟು. ಬೀದಿಯನ್ನು ನೋಡುತ್ತಿದ್ದ ಕಣ್ಣುಗಳು ಮೂರನೇ ಮಹಡಿಗೆ ಹೋದವು.

ಆದರೂ ಇಲ್ಲಿರುವ ಹಿರಿಯರನ್ನು ಮಕ್ಕಳು “ನಮ್ಮ ಜೊತೆ ಬಂದುಬಿಡಿ” ಎಂದು ಕರೆದರೆ, ಅವರು ಸುಲಭಕ್ಕೆ ಒಪ್ಪುವುದಿಲ್ಲ. ಹಟ ಎಂದು ಮಕ್ಕಳಿಗೆ ಅನ್ನಿಸಬಹುದು. ಕಾರು ಓಡಿಸಲಾಗದ ವಯಸ್ಸಿನಲ್ಲಿ ಯಾರನ್ನೂ ಕೇಳದೆ ಬ್ಯಾಂಕಿಗೆ, ಡಾಕ್ಟರ ಹತ್ತಿರಕ್ಕೆ, ಕಚೇರಿಗೆ (ಸರ್ಕಾರದ್ದಲ್ಲ, ಸಂಗೀತದ್ದು) ಹೋಗಿ ಬರುವ ಸ್ವಾತಂತ್ರ್ಯ ಸಣ್ಣದಲ್ಲ. ಹೊರವಲಯದ ಅಪಾರ್ಟ್‌ಮೆಂಟಿನಲ್ಲಿ ಅವರಿಗೆ ಎಲ್ಲವೂ ಇರುತ್ತದೆ, ಹೊರಗೆ ಹೋಗುವುದಕ್ಕೆ ಮಗನ ಭಾನುವಾರವೊಂದು ಬೇಕಾಗುತ್ತದೆ.

ಇನ್ನೊಂದು ಲೆಕ್ಕವೂ ಇದೆ. ಬೆಳಿಗ್ಗೆ ಹೂ ಕಟ್ಟುತ್ತಿದ್ದಾಕೆ ಇಲ್ಲಿ ವಾಸವಿಲ್ಲ. ಅಡುಗೆಯವರು, ಬೀದಿ ಗುಡಿಸುವವರು, ಹೋಟೆಲಿನಲ್ಲಿ ತಟ್ಟೆ ಎತ್ತುವವರು ಬಹುತೇಕ ದೂರದಿಂದ ಬಸ್ಸು ಹತ್ತಿ ಬರುತ್ತಾರೆ. ಮೇಷ್ಟರ ಕಾಲಳತೆಯ ಬದುಕು ನಿಂತಿರುವುದು ಇವರ ಬಸ್ಸಿನ ದೂರದ ಮೇಲೆ. ಹಿಂದೆ ಇಲ್ಲಿ ವಠಾರಗಳಿದ್ದವು. ಒಂದೇ ಅಂಗಳದ ಸುತ್ತ ಏಳೆಂಟು ಸಣ್ಣ ಮನೆ, ಕಡಿಮೆ ಬಾಡಿಗೆ. ಗುಮಾಸ್ತನೂ ದರ್ಜಿಯೂ ಬಂಗಲೆಯ ಬೀದಿಯಲ್ಲೇ ಇರಬಹುದಿತ್ತು. ವಠಾರ ಹೋದ ಮೇಲೆ ಆ ಬಾಗಿಲು ಮುಚ್ಚಿತು. ನಡೆಯುವ ಬಡಾವಣೆ ಉಳ್ಳವರ ಸೊತ್ತಾಗಿರುವುದಕ್ಕೆ ಕಾರಣ ಅಂಥ ಬಡಾವಣೆಗಳು ಕೆಲವೇ ಇರುವುದು. ಊರಿನ ಎಲ್ಲ ಕಡೆಯೂ ಹೀಗಿದ್ದರೆ ಇದಕ್ಕೆ ಈ ಬೆಲೆ ಬರುತ್ತಿರಲಿಲ್ಲ.

ನೋಡಲು ಬರುವವರಿಗೆ

ಮಲ್ಲೇಶ್ವರ ನೋಡಲು ಕಾರಿನಲ್ಲಿ ಬರುವುದು ಈಜು ನೋಡಲು ಕೊಡೆ ಹಿಡಿದು ಹೋದಂತೆ. 2014ರಲ್ಲಿ ಹಸಿರು ಮಾರ್ಗದ ಮೆಟ್ರೊ ಸಂಪಿಗೆ ರಸ್ತೆಯ ದಕ್ಷಿಣ ತುದಿಗೆ ಬಂತು, 2017ರಲ್ಲಿ ಅದು ಮೆಜೆಸ್ಟಿಕ್‌ಗೆ ಕೂಡಿಕೊಂಡಿತು. ನಿಲ್ದಾಣದಿಂದ ಇಳಿದು ಉತ್ತರಕ್ಕೆ ಮುಖ ಮಾಡಿದರೆ ಸಾಕು, ಉಳಿದದ್ದನ್ನು ಕ್ರಾಸಿನ ಸಂಖ್ಯೆಗಳು ನೋಡಿಕೊಳ್ಳುತ್ತವೆ.

ಹೊಟ್ಟೆ ಖಾಲಿ ಇಟ್ಟುಕೊಂಡು ಬನ್ನಿ. ಏಳನೇ ಕ್ರಾಸು, ಮಾರ್ಗೋಸಾ ರಸ್ತೆಯ ಮೂಲೆಯಲ್ಲಿ ಸಿ.ಟಿ.ಆರ್. ಇದೆ. ಹೋಟೆಲಿನ ಹೆಸರು ಶ್ರೀ ಸಾಗರ್ ಎಂದು ಬದಲಾಗಿ ಎಷ್ಟೋ ಕಾಲವಾದರೂ ಜನರ ಬಾಯಲ್ಲಿ ಬದಲಾಗಿಲ್ಲ. ಬೆಣ್ಣೆ ಮಸಾಲೆಗೆ ಕಾಯಬೇಕು. ಮುಂದೆ ಎಂಟನೇ ಕ್ರಾಸು. ವರಮಹಾಲಕ್ಷ್ಮಿ, ಗೌರಿ ಹಬ್ಬದ ಹಿಂದಿನ ದಿನ ಬಂದರೆ ನೀವು ನಡೆಯಬೇಕಿಲ್ಲ, ಜನವೇ ನಡೆಸಿಕೊಂಡು ಹೋಗುತ್ತದೆ. ಹದಿನೈದನೇ ಕ್ರಾಸಿನ ವೀಣಾ ಸ್ಟೋರ್ಸ್‌ನಲ್ಲಿ ಇಡ್ಲಿ ಕೈಯಲ್ಲಿ ಹಿಡಿದು ಬೀದಿಯಲ್ಲೇ ನಿಂತು ತಿನ್ನಬೇಕು. ಕುರ್ಚಿಯಿಲ್ಲ, ಯಾರೂ ಕೇಳುವುದೂ ಇಲ್ಲ.

ಅಲ್ಲಿಂದ ಕೆಲವೇ ಹೆಜ್ಜೆಗೆ ಕಾಡು ಮಲ್ಲೇಶ್ವರ. ಎದುರಿಗೆ ನಂದಿ ತೀರ್ಥ. ಬಹುಕಾಲ ಮಣ್ಣು ಮುಚ್ಚಿದ್ದ ಈ ಕಲ್ಯಾಣಿ ಬೆಳಕಿಗೆ ಬಂದದ್ದು 1990ರ ದಶಕದ ಕೊನೆಯಲ್ಲಿ. ನಂದಿಯ ಬಾಯಿಂದ ಸಣ್ಣಗೆ ಹರಿಯುವ ನೀರು ಕೆಳಗಿನ ಲಿಂಗದ ಮೇಲೆ ಬಿದ್ದು ಕೊಳ ಸೇರುತ್ತದೆ. ಬೀದಿಯಿಂದ ಕೆಳಕ್ಕಿಳಿದ ತಕ್ಷಣ ಹಾರ್ನಿನ ಸದ್ದು ಮೇಲೆಯೇ ಉಳಿಯುತ್ತದೆ. ಅದೇ ಸಾಲಿನಲ್ಲಿ ಗಂಗಮ್ಮನ ಗುಡಿ, ಲಕ್ಷ್ಮೀನರಸಿಂಹ. ಸ್ಯಾಂಕಿ ಕೆರೆಯ ಏರಿಯ ಮೇಲೆ ನಡಿಗೆ ಮುಗಿಸಿ.

ಒಂದು ವಿನಂತಿ. ಇದು ಪ್ರದರ್ಶನವಲ್ಲ, ಜನ ವಾಸಿಸುವ ಬೀದಿ. ಮನೆಯ ಗೇಟಿನ ಮುಂದೆ ಬೈಕು ನಿಲ್ಲಿಸಿ ದೋಸೆಗೆ ಹೋಗಬೇಡಿ. ಪೇಪರ್ ತಟ್ಟೆಯನ್ನು ಯಾರದೋ ಕಾಂಪೌಂಡಿನ ಮೇಲೆ ಬಿಡಬೇಡಿ. ಹೂವು ಬೇಡದಿದ್ದರೂ ಒಂದು ಮೊಳ ಕೊಳ್ಳಿ.

ನಿವೇಶನ ಕೊಳ್ಳುವ ಮುಂಚೆ

ಮಲ್ಲೇಶ್ವರವನ್ನು ಮತ್ತೊಮ್ಮೆ ಕಟ್ಟಲಾಗುವುದಿಲ್ಲ, ಕಟ್ಟಬೇಕಾಗಿಯೂ ಇಲ್ಲ. ಜಾತಿಯ ಬ್ಲಾಕನ್ನೂ ಹಿತ್ತಲ ಓಣಿಯನ್ನೂ ಯಾರೂ ಮರಳಿ ಬಯಸುವುದಿಲ್ಲ. ಕಲಿಯಬೇಕಾದದ್ದು ಅದರ ಅಳತೆಯನ್ನು: ನೂರು ಚಿಲ್ಲರೆ ಮೀಟರಿಗೊಂದು ತಿರುವು, ಮನೆಗಳ ನಡುವೆ ಅಂಗಡಿಗೆ ಜಾಗ, ಬಡವರಿಗೂ ಎಟಕುವ ಬಾಡಿಗೆಮನೆ, ರಸ್ತೆಗೊಂದು ಮರದ ಸಾಲು, ಅಲ್ಲಾಡದ ಚಪ್ಪಡಿ. ಇವುಗಳಲ್ಲಿ ಯಾವುದಕ್ಕೂ ವಿದೇಶಿ ತಂತ್ರಜ್ಞಾನ ಬೇಡ. ತುಮಕೂರು, ಹುಬ್ಬಳ್ಳಿ, ಶಿವಮೊಗ್ಗಗಳ ಅಂಚಿನಲ್ಲಿ ಇಂದು ಹೊಲ ಅಳೆದು ಕಲ್ಲು ನೆಡುತ್ತಿರುವ ಪ್ರತಿ ಬಡಾವಣೆಯಲ್ಲೂ ಇದನ್ನು ಮಾಡಬಹುದು. ಕಲ್ಲು ನೆಟ್ಟ ಮೇಲೆ ಮಾತ್ರ ನೂರು ವರ್ಷ ಬದಲಿಸಲಾಗದು.

ನೀವು ನಿವೇಶನ ನೋಡಲು ಹೋದಾಗ ಬ್ರೋಕರು ವಿಮಾನ ನಿಲ್ದಾಣ ಎಷ್ಟು ಹತ್ತಿರ, ರಿಂಗ್ ರೋಡ್ ಎಷ್ಟು ಹತ್ತಿರ ಎಂದು ಹೇಳುತ್ತಾನೆ. ಕೇಳಿಸಿಕೊಳ್ಳಿ. ಆಮೇಲೆ ಅವನ ಕಾರಿನಿಂದ ಇಳಿದು ಒಂದೇ ಪ್ರಶ್ನೆ ಹಾಕಿ: “ಇಲ್ಲಿಂದ ಹಾಲಿನ ಅಂಗಡಿಗೆ ನಡೆದುಕೊಂಡು ಎಷ್ಟು ಹೊತ್ತಪ್ಪಾ?”

ಹತ್ತು ನಿಮಿಷಕ್ಕಿಂತ ಹೆಚ್ಚು ಎಂದರೆ, ನಿವೇಶನದ ಬೆಲೆಗೆ ಒಂದು ಕಾರಿನ ಬೆಲೆಯನ್ನೂ ಸೇರಿಸಿ ಲೆಕ್ಕ ಹಾಕಿ.